ಬೇಸಿಗೆಯಲ್ಲಿ ಜೀಪು ಹೋಗುತ್ತದೆ

ಬ್ಯಾಂಕಿನಲ್ಲಿ ಸಾಲ ಕೊಡುವ ಮುಂಚೆ ಜಮೀನು ನೋಡಿ ಬಂದು ಒಂದು ವರದಿ ಬರೆಯಬೇಕು. ಎಕರೆ ಎಷ್ಟು, ಬೆಳೆ ಏನು, ನೀರಿಗೆ ಏನು ಗತಿ ಎಂಬ ಪ್ರಶ್ನೆಗಳ ನಡುವೆ ಒಂದು ಸಣ್ಣ ಕಾಲಂ ಇರುತ್ತಿತ್ತು: ಜಮೀನಿಗೆ ಹೋಗುವ ದಾರಿ ಹೇಗಿದೆ? ಊರಲ್ಲಿದ್ದಾಗ ನಾನು ಆ ಕಾಲಮ್ಮನ್ನು ಕಣ್ಣುಮುಚ್ಚಿ ತುಂಬುತ್ತಿದ್ದೆ. ಪಂಚಾಯತ್ ರಸ್ತೆ ಅಂತ ಬರೆದು ಮುಂದೆ ಹೋಗುವುದು, ಅಷ್ಟೆ. ಆ ಒಂದು ಗೆರೆ ಬರೆಯಲು ಇಡೀ ರಾತ್ರಿ ಪೆನ್ನು ಹಿಡಿದುಕೊಂಡು ಕೂತಿದ್ದು ಒಂದೇ ಸಲ, ಅದೂ ಕೇರಳದಲ್ಲಿ.

ನನಗೆ ಎರ್ನಾಕುಳಕ್ಕೆ ವರ್ಗವಾದದ್ದು 1989ರಲ್ಲಿ. ಬಂಟ್ವಾಳದ ಹತ್ತಿರದ ಹಳ್ಳಿಯವನು ನಾನು. ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದವನಿಗೆ ವರ್ಗ ಅಂದರೆ ಹೆಚ್ಚೆಂದರೆ ಘಟ್ಟದ ಮೇಲೆ ಅಂದುಕೊಂಡಿದ್ದೆ. ಕಲೂರಿನಲ್ಲಿ ಒಂದು ಬಾಡಿಗೆ ಮನೆ, ಸಣ್ಣ ಮಗು, ಭಾಷೆ ಬಾರದ ಹೆಂಡತಿ. ಮಳೆ ನಮ್ಮೂರಿನದ್ದೇ, ತೆಂಗು ಅಡಿಕೆ ನಮ್ಮೂರಿನದ್ದೇ, ಆದರೂ ಪಕ್ಕದ ಮನೆಯವರ ಮಾತು ಅರ್ಥವಾಗದೆ ಮೊದಲ ಆರು ತಿಂಗಳು ಮೂಗರ ಹಾಗೆ ಕಳೆದೆವು. ಆದರೆ ಒಂದೊಂದು ಶಬ್ದ ಮಾತ್ರ ಥಟ್ಟನೆ ಕೈ ಹಿಡಿಯುತ್ತಿತ್ತು. ನಮ್ಮಲ್ಲಿ ಹಳ್ಳಕ್ಕೆ ತೋಡು ಅನ್ನುತ್ತೇವಲ್ಲ, ಅವರಲ್ಲೂ ತೋಡೇ. ಈ ಕಥೆಯಲ್ಲಿ ಅಂಥದ್ದೊಂದು ತೋಡು ಬರುತ್ತದೆ.

1990ರ ಫೆಬ್ರವರಿ. ಕೃಷಿ ಅಧಿಕಾರಿ ರಜೆಯಲ್ಲಿದ್ದರು. ಮಲೆಯ ಮೇಲಿನ ಒಂದು ಶಾಖೆಯಿಂದ ಬಂದ ಫೈಲು ನನ್ನ ಮೇಜಿಗೆ ಬಂತು. ಮಾಂಕುಳಂ ಕಡೆಯ ಒಬ್ಬ ಕೃಷಿಕ, ಕಾಳುಮೆಣಸು ಮತ್ತು ಏಲಕ್ಕಿ, ಹಳೇ ಸಾಲದ ಕಂತು ಬಾಕಿ. ಹೊಸ ಸಾಲ ಕೊಟ್ಟರೆ ತೋಟ ಉಳಿಸಿ ಹಳೆಯದನ್ನೂ ತೀರಿಸುತ್ತೇನೆ ಅನ್ನುತ್ತಾನೆ. ಮೇಲಿನವರ ಟಿಪ್ಪಣಿ ಚುಟುಕಾಗಿತ್ತು: ವಾಹನ ಹೋಗದ ಜಾಗವಾದರೆ ಹೊಸ ಸಾಲ ಬೇಡ, ವಸೂಲಿಗೆ ಹಾಕಿ. ನಿಜ ಹೇಳಬೇಕೆಂದರೆ ಆ ಟಿಪ್ಪಣಿಯಲ್ಲಿ ತಪ್ಪೇನೂ ಇರಲಿಲ್ಲ. ದಾರಿಯಿಲ್ಲದ ಜಮೀನನ್ನು ಹರಾಜು ಹಾಕಿದರೂ ಕೊಳ್ಳುವವರು ಯಾರು?

ಬಸ್ಸಿನಲ್ಲಿ ಕೋದಮಂಗಲಂ ದಾಟಿ ನೇರ್ಯಮಂಗಲಕ್ಕೆ ಬಂದರೆ ಪೆರಿಯಾರ್ ಹೊಳೆಗೆ ಅಡ್ಡವಾಗಿ ಒಂದು ಕಮಾನಿನ ಸೇತುವೆ ಇದೆ. ಅಲ್ಲಿಂದ ಕಾಡು, ತಿರುವು, ಜಲಪಾತ. ಅಡಿಮಾಲಿಯಲ್ಲಿ ಇಳಿದಾಗ ಶಾಖೆಯವರು ಗೊತ್ತುಮಾಡಿದ ಜೀಪು ಕಾದಿತ್ತು. ಚಾಲಕ ನನಗಿಂತ ಹತ್ತು ವರ್ಷ ದೊಡ್ಡವನು. ನಾನು 'ಚೇಟ್ಟ' ಅಂದೆ, ಆತ ನನಗೆ 'ಸಾರ್' ಅಂದ. ಸೇತುವೆ ದಾಟಿ ಬಂದಿರಲ್ಲ, ನಿಜವಾದ ಮೂನ್ನಾರ್ ದಾರಿ ಅದಲ್ಲ ಸಾರ್, ಅದು ಆಮೇಲೆ ಬಂದದ್ದು, ಹಳೇ ರಾಜಾ ರೋಡನ್ನು ನಾನು ತೋರಿಸುತ್ತೇನೆ ಎಂದ.

ಆ ಮಾತು ನನಗೆ ಪೂರ್ತಿ ಅರ್ಥವಾದದ್ದು ಹದಿನಾಲ್ಕು ವರ್ಷ ಕಳೆದು, ತಿರುವನಂತಪುರಕ್ಕೆ ವರ್ಗವಾದ ಮೇಲೆ. 2004ರಿಂದ 2007ರವರೆಗೆ ಅಲ್ಲಿದ್ದೆ. ಸಂಜೆ ಹೊತ್ತು ಹೋಗದೆ ಪಾಳಯದ ಸ್ಟೇಟ್ ಲೈಬ್ರರಿಗೆ ಹೋಗಿ ಕೂರುವ ಅಭ್ಯಾಸವಾಯಿತು. 1829ರಷ್ಟು ಹಿಂದೆ ಶುರುವಾದ ಗ್ರಂಥಾಲಯ ಅದು. ನಾಗಮಯ್ಯ ಅವರ 1906ರ ತಿರುವಾಂಕೂರು ಸ್ಟೇಟ್ ಮ್ಯಾನುಯಲ್, ವೇಲು ಪಿಳ್ಳೆಯವರ 1940ರ ಮ್ಯಾನುಯಲ್ ಇವನ್ನೆಲ್ಲ ತಿರುವುತ್ತಾ, ಹಿರಿಯರನ್ನು ಕೇಳುತ್ತಾ ನಾನು ಜೋಡಿಸಿಕೊಂಡ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಮುಂದಿನ ಕಲ್ಲುಗಳ ಬೆಲೆ ತಿಳಿಯುವುದಿಲ್ಲ.

ಮೂನ್ನಾರಿನ ಬೆಟ್ಟಗಳು ಪೂಂಜಾರ್ ಅರಸು ಮನೆತನದ ವಶದಲ್ಲಿದ್ದವು. 1877ರಲ್ಲಿ ಜಾನ್ ಡೇನಿಯಲ್ ಮನ್ರೋ ಎಂಬ ಇಂಗ್ಲಿಷಿನವನು ಕಣ್ಣನ್ ದೇವನ್ ಬೆಟ್ಟಗಳ ಹಕ್ಕನ್ನು ಅವರಿಂದ ಪಡೆದ. 1880ರಲ್ಲಿ ಎ.ಎಚ್. ಶಾರ್ಪ್ ಎಂಬವನು ಪಾರ್ವತಿ ಎಂಬಲ್ಲಿ ಮೊದಲ ಚಹಾ ಗಿಡ ಹಾಕಿದ. 1897ರಲ್ಲಿ ಕಂಪೆನಿಯೇ ಆಯಿತು. ಬೆಳೆದ ಚಹಾವನ್ನು ಕೆಳಗೆ ಇಳಿಸುವುದು ಹೇಗೆ ಎಂಬುದೇ ದೊಡ್ಡ ತಲೆನೋವು. 1902ರಲ್ಲಿ ಮೂನ್ನಾರಿನಿಂದ ಟಾಪ್ ಸ್ಟೇಷನ್‌ವರೆಗೆ ಒಂದೇ ಹಳಿಯ ಮೇಲೆ ಗಾಡಿ ಎಳೆಯುವ ಮೋನೊರೈಲು ಹಾಕಿದರು. 1908ರಲ್ಲಿ ಅದನ್ನು ಎರಡು ಅಡಿ ಅಗಲದ ಪುಟ್ಟ ರೈಲಾಗಿ ಮಾಡಿದರು. ಟಾಪ್ ಸ್ಟೇಷನ್ನಿನಿಂದ ಹಗ್ಗದ ದಾರಿಯಲ್ಲಿ ಪೆಟ್ಟಿಗೆಗಳು ತೂಗಾಡುತ್ತಾ ತಮಿಳು ಸೀಮೆಯ ಕೊಟ್ಟಗುಡಿಗೆ ಇಳಿದು ಬೋಡಿನಾಯಕನೂರಿನ ಕಡೆಗೆ ಹೋಗುತ್ತಿದ್ದವು. ಇದು ಪೂರ್ವದ ಬಾಗಿಲು.

ಪಶ್ಚಿಮದ ಬಾಗಿಲೇ ಈ ಹಳೇ ರಸ್ತೆ. ಆಲುವದಿಂದ ಹೊರಟು ಕೋದಮಂಗಲಂ, ತಟ್ಟೇಕಾಡ್, ಕುಟ್ಟಂಪುಳ, ಪೂಯಂಕುಟ್ಟಿ, ಪಿಂಡಿಮೇಡು, ಅಲ್ಲಿಂದ ಹೊಳೆಯ ಕಣಿವೆಯನ್ನೇ ಹಿಡಿದು ಪೆರುಂಬನ್‌ಕುತ್ತು, ಮಾಂಕುಳಂ, ಕೊನೆಗೆ ಮೂನ್ನಾರ್. ಈಗಿನ ದಾರಿಯಷ್ಟು ಕಡಿದಾದ ಏರು, ಕತ್ತರಿ ತಿರುವು ಅದರಲ್ಲಿ ಇರಲಿಲ್ಲ ಅಂತ ಅಲ್ಲಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ.

1924ರ ಜುಲೈ ತಿಂಗಳಲ್ಲಿ ಎರಡೂ ಬಾಗಿಲು ಮುಚ್ಚಿದವು. ಮಲಯಾಳಿಗಳ ಕೊಲ್ಲವರ್ಷದ ಲೆಕ್ಕದಲ್ಲಿ ಅದು 1099, ಹಾಗಾಗಿ ಅದನ್ನು 'ತೊಂಬತ್ತೊಂಬತ್ತರ ಪ್ರವಾಹ' ಅನ್ನುತ್ತಾರೆ. ಪುಟ್ಟ ರೈಲು ಕೊಚ್ಚಿ ಹೋಯಿತು, ಮತ್ತೆ ಓಡಲೇ ಇಲ್ಲ. ಇತ್ತ ಕರಿಂದಿರಿ ಮಲೆ ಕುಸಿದು ಆಲುವ ರಸ್ತೆಯನ್ನು ನುಂಗಿತು. ನನ್ನ ಅಜ್ಜಿ ನೇತ್ರಾವತಿಯ 1923ರ ಮಾರಿಬೊಳ್ಳದ ಕಥೆ ಹೇಳುತ್ತಿದ್ದರು. ಬಂಟ್ವಾಳ, ಪಾಣೆಮಂಗಳೂರು ಪೇಟೆಗಳು ಹೇಗೆ ಮುಳುಗಿದವು ಅಂತ. ಒಂದೇ ವರ್ಷದ ಅಂತರದಲ್ಲಿ ಪೆರಿಯಾರ್ ಕೂಡ ಹಾಗೇ ಮಾಡಿತ್ತು ಅಂತ ಓದಿದಾಗ, ದೂರದ ನೆಂಟರ ಮನೆಯ ಸಾವಿನ ಸುದ್ದಿ ತಡವಾಗಿ ಕೇಳಿದ ಹಾಗಾಯಿತು. ಅದೇ ಜುಲೈಯಲ್ಲಿ ನಮ್ಮ ಕಾವೇರಿಯೂ ಉಕ್ಕಿತ್ತು.

ಪ್ರವಾಹದ ನೀರು ಇಳಿಯುವಷ್ಟರಲ್ಲಿ, 1924ರ ಆಗಸ್ಟ್ 7ರಂದು ತಿರುವಾಂಕೂರಿನ ಮೂಲಂ ತಿರುನಾಳ್ ಮಹಾರಾಜರು ತೀರಿಕೊಂಡರು. ಮುಂದಿನ ಅರಸ ಇನ್ನೂ ಬಾಲಕ. ಸೆಪ್ಟೆಂಬರ್ 1ರಂದು ಸೇತು ಲಕ್ಷ್ಮೀಬಾಯಿ ರೀಜೆಂಟ್ ಆಗಿ ಅಧಿಕಾರ ವಹಿಸಿಕೊಂಡರು. ಕುಸಿದ ಮಲೆಯನ್ನು ಬಗೆದು ಹಳೇ ರಸ್ತೆ ಸರಿಮಾಡುವ ಬದಲು ನೇರ್ಯಮಂಗಲಂ, ಅಡಿಮಾಲಿ ಮೂಲಕ ಹೊಸ ರಸ್ತೆ ಬಂತು. ನಾನು ದಾಟಿದ ಸೇತುವೆ ತೆರೆದದ್ದು 1935ರ ಮಾರ್ಚ್‌ನಲ್ಲಿ, ಬಾಲಕನಾಗಿದ್ದ ಅರಸ ಶ್ರೀ ಚಿತ್ತಿರ ತಿರುನಾಳ್ ಪಟ್ಟಕ್ಕೆ ಬಂದ ಮೇಲೆ. ಕಂಪೆನಿಗೆ ದಾರಿ ಸಿಕ್ಕಿತು, ಕೊಚ್ಚಿ ಬಂದರು ಬೆಳೆಯಿತು, 1947ರಲ್ಲಿ ಅಲ್ಲೇ ಚಹಾ ಹರಾಜು ಶುರುವಾಯಿತು. ಎಲ್ಲ ಸರಿಹೋಯಿತು. ಹಳೇ ರಸ್ತೆಯ ಮೇಲೆ ಮರ ಬೆಳೆಯಿತು, ಆನೆ ನಡೆಯಿತು, ಅದನ್ನು ಕೇಳುವವರು ಇರಲಿಲ್ಲ.

ಕೇಳುವವರು ಬಂದದ್ದು ಆಮೇಲೆ. ಕೊಟ್ಟಾಯ, ಪಾಲಾ, ಮೂವಾಟ್ಟುಪುಳ ಕಡೆಯಿಂದ ಜಮೀನು ಅರಸಿ ಮಲೆ ಹತ್ತಿದ ಜನ. ಇದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಬೆಳ್ತಂಗಡಿ, ಸುಳ್ಯದ ಕಡೆ ಬಂದು ರಬ್ಬರ್ ಹಾಕಿದರಲ್ಲ, ಅವರ ಅಣ್ಣತಮ್ಮಂದಿರೇ ಇವರು. ಮಾಂಕುಳದಲ್ಲಿ ಸರಕಾರ 1980ರ ಹೊತ್ತಿಗೆ ಭೂಮಿ ಹಂಚಿತು. ಭೂಮಿ ಬಂತು, ಪಟ್ಟೆ ಬಂತು, ದಾರಿ ಬರಲಿಲ್ಲ. ಇದ್ದದ್ದು ಹಳೇ ರಾಜಾ ರೋಡಿನ ಮೂಳೆ, ಅದರಿಂದ ಕವಲೊಡೆದ ಕಲ್ಲಿನ ಇಳಿಜಾರುಗಳು. ಅದರ ಮೇಲೆ ಹೋಗಬಲ್ಲದ್ದು ಒಂದೇ ವಾಹನ.

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕೆ, ಅಮೆರಿಕದ ಸೈನ್ಯಕ್ಕಾಗಿ. ವಿಲ್ಲೀಸ್ ಕಂಪೆನಿಯ ಆ ಗಾಡಿಯನ್ನು ಮಹೀಂದ್ರದವರು ನಮ್ಮಲ್ಲಿ ಜೋಡಿಸಲು ಹೊರಟದ್ದು ಸ್ವಾತಂತ್ರ್ಯ ಬಂದ ಹೊತ್ತಿಗೆ. ಅದರ ಗುಟ್ಟು ಗೇರಿನ ಪಕ್ಕದ ಎರಡು ಪುಟ್ಟ ಸನ್ನೆಗೋಲುಗಳಲ್ಲಿದೆ. ಒಂದು ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಬರುತ್ತದೆ. ಇನ್ನೊಂದು ಎಳೆದರೆ ವೇಗ ಸತ್ತು ಎಳೆಯುವ ಬಲ ಹೆಚ್ಚುತ್ತದೆ. ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ, ಆದರೆ ಎತ್ತಿನ ಹಾಗೆ ಎಳೆಯುತ್ತದೆ. ಕಳಸ, ಮೂಡಿಗೆರೆ ಕಡೆಯ ಓದುಗರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

ಮಾಂಕುಳದಲ್ಲಿ ಕಟ್ಟನ್‌ಚಾಯ ಕುಡಿದು ಹೊರಟೆವು. ಮೊದಲರ್ಧ ಗಂಟೆ ಮಣ್ಣಿನ ದಾರಿ. ಒಂದು ಕಡೆ ಜೀಪು ನಿಲ್ಲಿಸಿ ಚೇಟ್ಟ ಕೆಳಗೆ ತೋರಿಸಿದ. ಪಾಚಿ ಹಿಡಿದ ಕಲ್ಲುಕಟ್ಟಣೆ, ಅಚ್ಚುಕಟ್ಟಾಗಿ ಒಂದರ ಮೇಲೊಂದು ಕೂರಿಸಿದ ಕರಿಗಲ್ಲು. ಅದೇ ರಾಜಾ ರೋಡು. ಹತ್ತಾರು ಮಳೆಗಾಲ ಕಳೆದರೂ ಗೋಡೆ ಬಾಗಿರಲಿಲ್ಲ. ಅಲ್ಲಿಂದ ಮುಂದೆ ದಾರಿಯೇ ಇಲ್ಲ, ಬರೀ ಕಣಿವೆ. ಎರಡು ಬೆಟ್ಟಗಳ ನಡುವೆ ಇಳಿಯುವ ತೋಡು, ತೋಡಿನಲ್ಲಿ ಕಡಾಯಿಯಷ್ಟು, ಕೆಲವು ಎಮ್ಮೆಯಷ್ಟು ದೊಡ್ಡ ಬಂಡೆಗಳು. ಫೆಬ್ರವರಿಯಾದ್ದರಿಂದ ನೀರು ಮೊಣಕಾಲಿನವರೆಗೆ. ಎದುರು ದಂಡೆಯ ಮೇಲೆ, ಏರಿನಲ್ಲಿ, ಫೈಲಿನಲ್ಲಿದ್ದ ತೋಟ.

"ಇದರಲ್ಲಿ ಹೋಗುವುದಾ?" ಅಂದೆ.

"ಎಲ್ಲರೂ ಇದರಲ್ಲೇ ಹೋಗುವುದು ಸಾರ್," ಅಂದ.

ಚೇಟ್ಟ ಇಳಿದು ನಾಲ್ಕೂ ಚಕ್ರದಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟ. ಗಾಳಿ ಕಡಿಮೆಯಾದರೆ ಟಯರು ಕಲ್ಲನ್ನು ಅಪ್ಪಿ ಹಿಡಿಯುತ್ತದಂತೆ. ಆಮೇಲೆ ಹೇಳಿದ ಮಾತಿಗೆ ನನ್ನ ಎದೆ ಧಸಕ್ಕೆಂದಿತು. ಯಾವಾಗಲೂ ಜತೆಗೆ ಬರುವ ಹುಡುಗ ಇವತ್ತು ಇಲ್ಲ, ಚಕ್ರಕ್ಕೆ ಕಲ್ಲು ಕೊಡಲು ಒಬ್ಬ ಕೆಳಗಿರಬೇಕು, ಸಾರ್ ಸ್ಟಿಯರಿಂಗ್ ಹಿಡಿಯಬೇಕು ಅಂತ. ಊರಿನ ಶಾಖೆಯಲ್ಲಿ ಬ್ಯಾಂಕಿನ ಜೀಪು ಓಡಿಸಿದ್ದೆ, ನಿಜ. ಅದು ಡಾಂಬರಿನ ಮೇಲೆ ಮಾರಾಯರೇ!

ಕೂತೆ. ಎರಡೂ ಸನ್ನೆಗೋಲು ಎಳೆದು ಒಂದನೇ ಗೇರು ಹಾಕಿಕೊಟ್ಟ. ಪಾಠ ಮೂರೇ ಮಾತು. ಕಲ್ಲನ್ನು ಎರಡು ಚಕ್ರದ ನಡುವೆ ಬಿಡಬೇಡಿ, ಚಕ್ರವನ್ನು ಕಲ್ಲಿನ ತಲೆಯ ಮೇಲೆಯೇ ಹತ್ತಿಸಿ. ನಡುವೆ ಬಿಟ್ಟರೆ ಅಚ್ಚಿನ ಮಧ್ಯದ ಡಿಫರೆನ್ಷಿಯಲ್ ಬಡಿದು ಒಡೆಯುತ್ತದೆ, ಮತ್ತೆ ಜೀಪು ಇಲ್ಲೇ. ಇಳಿಯುವಾಗ ಕ್ಲಚ್ಚು ತುಳಿಯಬೇಡಿ, ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಹೆಬ್ಬೆರಳನ್ನು ಸ್ಟಿಯರಿಂಗಿನ ಒಳಗೆ ಇಡಬೇಡಿ, ಚಕ್ರ ಕಲ್ಲಿಗೆ ಬಡಿದಾಗ ಸ್ಟಿಯರಿಂಗ್ ತಿರುಗಿ ಬೆರಳು ಮುರಿಯುತ್ತದೆ.

ಚೇಟ್ಟ ಹಿಂದುಹಿಂದಕ್ಕೆ ನಡೆಯುತ್ತಾ ನೀರಿನಲ್ಲಿ ಇಳಿದ, ನನ್ನ ಕಡೆ ಮುಖ ಮಾಡಿ, ಎರಡೂ ಕೈ ಎತ್ತಿ, ಬೆರಳಿನಲ್ಲೇ ಎಡ ಬಲ ತೋರಿಸುತ್ತಾ. "ಪದುಕ್ಕೆ, ಸಾರೇ, ಪದುಕ್ಕೆ." ನಿಧಾನ, ನಿಧಾನ. ಎಡಗಡೆ ಚಕ್ರ ಒಂದು ಬಂಡೆಯನ್ನು ಹತ್ತಿತು, ನಾನಿದ್ದ ಬಲಗಡೆ ತೋಡಿನತ್ತ ವಾಲಿತು. ಬಾಗಿಲಿಲ್ಲದ ಜೀಪು. ಕೆಳಗೆ ನೀರು, ನೀರಿನೊಳಗೆ ಕಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಕಾಲು ತಾನಾಗಿಯೇ ಕ್ಲಚ್ಚಿನ ಕಡೆ ಹೋಯಿತು. "ಕ್ಲಚ್ಚು ಚವಿಟ್ಟಲ್ಲೇ!" ಅಂತ ಕೂಗಿದ. ಅಷ್ಟರಲ್ಲಿ ತುಳಿದಾಗಿತ್ತು. ಜೀಪು ಒಂದು ಮಾರು ಹಿಂದಕ್ಕೆ ಜಾರಿ ದಡಾರನೆ ಕಲ್ಲಿಗೆ ಆತು ನಿಂತಿತು. ಚೇಟ್ಟ ಜೀಪಿನ ಹಿಂದೆ ಇದ್ದಿದ್ದರೆ? ಮುಂದೆ ಇದ್ದ, ದೇವರ ದಯ. ಆತ ಬೈಯಲಿಲ್ಲ. ಬಂದು, ಚಕ್ರದ ಹಿಂದೆ ಕಲ್ಲು ಇಟ್ಟು, "ಪೇಡಿಕ್ಕೇಂಡ" ಅಂದ. ಹೆದರಬೇಡಿ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಬ್ಯಾಂಕಿನ ಕಾಗದ ಇದ್ದ ಚೀಲವನ್ನು ನಾನು ಯಾವಾಗ ತೊಡೆಯ ಕೆಳಗೆ ಇಟ್ಟುಕೊಂಡೆನೋ ನನಗೇ ಗೊತ್ತಿಲ್ಲ.

ಸುಮಾರು ಇನ್ನೂರು ಗಜ. ಮುಕ್ಕಾಲು ಗಂಟೆ ಹಿಡಿಯಿತು.

ತೋಟದವನು ಮನೆ ಮುಂದೆ ಕಾದಿದ್ದ. ನನಗಿಂತ ಸ್ವಲ್ಪ ದೊಡ್ಡವನು, ಮುಂಡು ಎತ್ತಿಕಟ್ಟಿದ್ದ. ಮೆಣಸಿನ ಬಳ್ಳಿ ನೋಡಿದೆ. ಊರಲ್ಲಿ ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿದವನ ಮಗ ನಾನು, ತೋಟ ಚೆನ್ನಾಗಿದೆಯೋ ಇಲ್ಲವೋ ಅಂತ ಪುಸ್ತಕ ನೋಡಬೇಕಿರಲಿಲ್ಲ. ತೋಟ ಚೆನ್ನಾಗಿತ್ತು. ಹಾಗಾದರೆ ಕಂತು ಯಾಕೆ ಬಾಕಿ? ಆತ ಲೆಕ್ಕ ಹೇಳಿದ. ಅಡಿಮಾಲಿ ಅಂಗಡಿಯ ದರ ಒಂದು, ಅದರಲ್ಲಿ ಜೀಪಿನ ಬಾಡಿಗೆ ಹೋಗಿ ಕೈಗೆ ಸಿಗುವುದು ಇನ್ನೊಂದು. ಜೂನ್‌ನಿಂದ ನಾಲ್ಕು ತಿಂಗಳು ತೋಡು ತುಂಬಿದರೆ ಜೀಪೂ ಇಲ್ಲ. ಮಳೆಗೆ ಮುಂಚೆ ಬಂದ ಬೆಲೆಗೆ ಮಾರಲೇಬೇಕು. ಹಿಂದಿನ ಮಳೆಗಾಲದಲ್ಲಿ ಹೆಂಡತಿಗೆ ಹೆರಿಗೆ ನೋವು ಬಂದಾಗ ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಹೊತ್ತು ತೋಡು ದಾಟಿಸಿದರಂತೆ. ಮಗು ಉಳಿಯಲಿಲ್ಲ. ಇದನ್ನು ಹೇಳುವಾಗ ಆತನ ದನಿ ಬದಲಾಗಲಿಲ್ಲ, ಮೆಣಸಿನ ದರ ಹೇಳಿದ ದನಿಯಲ್ಲೇ ಹೇಳಿದ. ಹೆಂಡತಿ ಒಳಗಿನಿಂದ ಕಪ್ಪ, ಮೀನು ಸಾರು ಕಳಿಸಿದಳು. ನಾನು ಮೀನು ತಿನ್ನುವವನಲ್ಲ ಅಂತ ತಿಳಿದು ಕಾಂತಾರಿ ಮೆಣಸು ಅರೆದು ತಂದಿಟ್ಟರು. ಮರಗೆಣಸನ್ನು ಅಷ್ಟು ರುಚಿಯಾಗಿ ನಾನು ಆಮೇಲೆ ತಿಂದಿಲ್ಲ.

ಆ ರಾತ್ರಿ ಅಡಿಮಾಲಿಯ ಲಾಡ್ಜಿನಲ್ಲಿ ವರದಿ ಬರೆಯಲು ಕೂತೆ. ಜಮೀನಿಗೆ ಹೋಗುವ ದಾರಿ ಹೇಗಿದೆ? ದಾರಿ ಇಲ್ಲ ಅಂತ ಬರೆದರೆ ಅದು ಸತ್ಯ, ಸಾಲ ಇಲ್ಲ. ದಾರಿ ಇದೆ ಅಂತ ಬರೆದರೆ ಸುಳ್ಳು. ನಾನು ಕಲಿತ ಅಕೌಂಟೆನ್ಸಿಯಲ್ಲಿ ಮೂರನೇ ಉತ್ತರ ಇರಲಿಲ್ಲ. ಆದರೂ ನಾನೇ ಜೀಪು ಓಡಿಸಿಕೊಂಡು ಹೋಗಿದ್ದೆನಲ್ಲ? ಬೆಳಗಿನ ಜಾವಕ್ಕೆ ಬರೆದೆ: ಬೇಸಿಗೆಯಲ್ಲಿ ಜೀಪು ಹೋಗುತ್ತದೆ. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಪೂರ್ತಿ ನಿಜವೂ ಅದಲ್ಲ ಅಂತ ಬರೆದ ನನಗೆ ಗೊತ್ತಿತ್ತು.

ಸಾಲ ಮಂಜೂರಾಯಿತು. ಜೂನ್‌ನಲ್ಲಿ ತನಿಖೆಗೆ ಹೋದವರಿಗೆ ತೋಡು ದಾಟಲಾಗಲಿಲ್ಲ. ದಾರಿಯ ವಿಷಯದಲ್ಲಿ ಅಧಿಕಾರಿಯ ವರದಿ ದಾರಿ ತಪ್ಪಿಸುವಂತಿದೆ ಅಂತ ಟೀಕೆ ಬಂತು. ಅದಕ್ಕೆ ವಿವರಣೆ ಬರೆದೆ, ಮುಂದಿನ ಬಡ್ತಿ ಒಂದು ಸುತ್ತು ತಡವಾಯಿತು. ಅದರಿಂದಲೇ ತಡವಾಯಿತು ಅಂತ ಹೇಳಲಾರೆ. ಅದೇ 1990ರಲ್ಲಿ ಕೇಂದ್ರ ಸರಕಾರದ ಹತ್ತು ಸಾವಿರ ರೂಪಾಯಿವರೆಗಿನ ಸಾಲಮನ್ನಾ ಬಂದು ಆತನ ಹಳೇ ಬಾಕಿ ಹಗುರಾಯಿತು. ಹೊಸ ಸಾಲ, 1990ರ ದಶಕದ ಕೊನೆಗೆ ಮೆಣಸಿನ ಬೆಲೆ ಏರಿದಾಗ ಪೂರ್ತಿ ತೀರಿತು ಅಂತ ಆ ಶಾಖೆಯ ಒಬ್ಬ ಮ್ಯಾನೇಜರ್ ಹೇಳಿದರು. ಬೆಲೆ ಏರದಿದ್ದರೆ ನನ್ನ ಗೆರೆ ಬ್ಯಾಂಕಿಗೆ ನಷ್ಟ ತಂದಿರುತ್ತಿತ್ತು, ಅದನ್ನೂ ಒಪ್ಪಬೇಕು.

ನಿವೃತ್ತನಾಗಿ ಊರಿಗೆ ಬಂದೆ. ತಂಗಿಯ ಮಗ ಕೊಚ್ಚಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. 2023ರಲ್ಲಿ ಊರಿಗೆ ಬಂದಾಗ ಫೋನು ತೋರಿಸಿದ. "ಮಾವ, ನೋಡಿ, ನಾವು ಆಫ್‌ರೋಡ್ ಮಾಡಿದ್ದು." ದಪ್ಪ ಟಯರು, ಮುಂದೆ ಹಗ್ಗ ಸುತ್ತುವ ವಿಂಚು, ತಲೆಗೆ ಹೆಲ್ಮೆಟ್ಟು. ಕೆಳಗೆ ಒಬ್ಬ ನಿಂತು ಬೆರಳಿನಲ್ಲೇ ಎಡ ಬಲ ತೋರಿಸುತ್ತಾನೆ. ಚೇಟ್ಟನ ಬೆರಳುಗಳು ಹಾಗೇ ಕಣ್ಣ ಮುಂದೆ ಬಂದವು. ಈಗ ಅದಕ್ಕೆ ಕ್ಲಬ್ಬು, ಸ್ಪರ್ಧೆ, ಬಹುಮಾನ ಎಲ್ಲ ಇದೆ. 2022ರ ಮೇ ತಿಂಗಳಲ್ಲಿ ವಾಗಮಣ್ಣಿನ ಚಹಾ ತೋಟದಲ್ಲಿ ಅನುಮತಿಯಿಲ್ಲದೆ ನಡೆದ ಇಂಥ ಓಟಕ್ಕೆ ಕೇಸು ಕೂಡ ಬಿತ್ತು. ಸೂರ್ಯನೆಲ್ಲಿಯಿಂದ ಕೊಳುಕ್ಕುಮಲೆಗೆ ಕಲ್ಲು ಹಾದಿಯಲ್ಲಿ ಸೂರ್ಯೋದಯ ತೋರಿಸಲು ಸ್ಥಳೀಯರ ಜೀಪುಗಳು ಸಾಲುಗಟ್ಟಿ ಹೋಗುತ್ತವೆ. ನಾನು ಅದನ್ನು ತಪ್ಪು ಅನ್ನುವುದಿಲ್ಲ. ಮಲೆಯ ಹುಡುಗರಿಗೆ ಅದರಿಂದ ಅನ್ನ ಸಿಗುತ್ತದೆ. ಹುಡುಗನಿಗೆ ಮೂರು ಪಾಠ ಹೇಳಿದೆ, ಕಲ್ಲಿನ ತಲೆ, ಕ್ಲಚ್ಚು, ಹೆಬ್ಬೆರಳು. "ಇದೆಲ್ಲ ನಿಮಗೆ ಹೇಗೆ ಗೊತ್ತು ಮಾವ?" ಅಂತ ಬೆರಗಾದ. ಆಗ ಈ ಕಥೆ ಹೇಳಿದೆ.

ಅವನು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ಆ ಹಳೇ ರೋಡು ಯಾಕೆ ಮತ್ತೆ ಮಾಡಲಿಲ್ಲ? ಪೂಯಂಕುಟ್ಟಿಯ ಆಚೆ ಅದು ಕಾಡು, ಅರಣ್ಯ ಇಲಾಖೆ ಓಡಾಟಕ್ಕೆ ತಡೆ ಹಾಕಿದೆ. ರಾಜಪಥ ನಮ್ಮದು, ತೆರೆಯಿರಿ ಅಂತ ಊರವರು ಹೋರಾಡುತ್ತಿದ್ದಾರೆ. ತಟ್ಟೇಕಾಡಿನ ಪಕ್ಷಿಧಾಮ, ಆನೆಗಳ ದಾರಿ ಎಲ್ಲ ಅಲ್ಲೇ ಇರುವುದರಿಂದ ಇಲಾಖೆಯ ಮಾತನ್ನೂ ತಳ್ಳಿಹಾಕುವಂತಿಲ್ಲ. ಮಲೆ ಕುಸಿಯುವುದೂ ನಿಂತಿಲ್ಲ. 2018ರ ಪ್ರವಾಹ ನೋಡಿದೆವು. 2020ರ ಆಗಸ್ಟ್ 6ರ ರಾತ್ರಿ ಮೂನ್ನಾರಿನ ಆಚೆ ಪೆಟ್ಟಿಮುಡಿಯಲ್ಲಿ ಚಹಾ ಕಾರ್ಮಿಕರ ಸಾಲುಮನೆಗಳ ಮೇಲೆ ಗುಡ್ಡ ಬಿದ್ದು 70 ಜೀವ ಹೋಯಿತು. ಆ ಸುದ್ದಿ ಹೊರಲೋಕಕ್ಕೆ ಮುಟ್ಟಲು ಬೆಳಗಾಗಬೇಕಾಯಿತು.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಚಹಾ ಇಳಿಸಬೇಕಾಗಿದ್ದಾಗ ಆ ಮಲೆಗೆ ರೈಲು ಬಂತು, ಹಗ್ಗದ ದಾರಿ ಬಂತು, ರಸ್ತೆ ಎರಡೆರಡು ಸಲ ಬಂತು. ಕುರ್ಚಿಯಲ್ಲಿ ಹೊತ್ತುಕೊಂಡು ಬರಬೇಕಾದವರು ಬಂದಾಗ ಉಳಿದದ್ದು ತೋಡಿನ ಕಲ್ಲು. ಆ ಕಲ್ಲಿನ ಮೇಲೆ ಜೀಪು ಹತ್ತಿಸುವುದು ನಿಮಗೆ ಭಾನುವಾರದ ಕೆಲಸ, ಚೇಟ್ಟನಿಗೆ ಅದು ದಿನದ ಕೆಲಸವಾಗಿತ್ತು. ಮುಂದಿನ ಸಲ ಹೋದಾಗ ಕಲ್ಲಿನ ಆಚೆ ಮನೆಯೇನಾದರೂ ಇದೆಯೋ ನೋಡು, ಇದ್ದರೆ ಒಳಗೆ ಹೋಗಿ ಮಾತಾಡಿಸಿ ಬಾ ಅಂದೆ. ಆಯ್ತು ಮಾವ ಅಂದ. ಆಮೇಲೆ ಫೋನಿನ ಮೇಲೆ ಬೆರಳು ಇಟ್ಟುಕೊಂಡೇ ಕೇಳಿದ, ಆ ಮಾಂಕುಳಂ ಅಂದರೆ ಸರಿಯಾಗಿ ಎಲ್ಲಿ ಬರುತ್ತದೆ ಅಂತ.